0 ಎ.ಡಿ. ಆಟದ ಮೌರ್ಯ ಪಡೆಗೆ ಹೊಸ ಬಿಲ್ಲುಗಾರ: ಮಾಡ್ ಕಟ್ಟುವ ಬಗೆ

ಪ್ರಾಚೀನ ಕಾಲದ ಯುದ್ಧತಂತ್ರದ ಕಂಪ್ಯೂಟರ್ ಆಟಗಳಲ್ಲಿ ಮಾಡ್ (ಇರುವ ಆಟಕ್ಕೆ ಆಡುವವರೇ ಸೇರಿಸುವ ಮಾರ್ಪಾಡು) ಕಟ್ಟಲು ಕಲಿಯುವವರಿಗೆ 0 ಎ.ಡಿ.ಯಷ್ಟು ಒದಗಿಬರುವ ಆಟ ಇನ್ನೊಂದು ಸಿಗುವುದು ಕಷ್ಟ. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ಒಳಗಿನ ಕಡತಗಳಿಗೆ ಬೀಗವಿಲ್ಲ. ಹಾಗೆ ನೋಡಿದರೆ ಈ ಆಟವೇ ಒಂದು ಮಾಡ್‌ನ ಕೂಸು. 2001ರಲ್ಲಿ ಏಜ್ ಆಫ್ ಎಂಪೈರ್ಸ್ 2ರ ಮೇಲೆ ಕಟ್ಟುವ ಮಾಡ್ ಎಂದು ಶುರುವಾಗಿ, ಸ್ವಂತ ಎಂಜಿನ್ (ಆಟವನ್ನು ಓಡಿಸುವ ತಂತ್ರಾಂಶ) ಬರೆದುಕೊಂಡು, 2009ರಲ್ಲಿ ಮೂಲಸಂಕೇತವನ್ನೆಲ್ಲ ತೆರೆದಿಟ್ಟಿತು. ಎಂಜಿನ್ನಿನ ಹೆಸರು ಪೈರೋಜೆನೆಸಿಸ್. ಸೈನಿಕರು, ಕಟ್ಟಡಗಳು ಎಕ್ಸ್‌ಎಂಎಲ್ ಕಡತಗಳಲ್ಲಿವೆ; ನಾಗರಿಕತೆಗಳು, ತಂತ್ರಜ್ಞಾನಗಳು ಜೇಸನ್ ಕಡತಗಳಲ್ಲಿ; ಆಟದ ನಡೆಯ ಬಹುಪಾಲು ಜಾವಾಸ್ಕ್ರಿಪ್ಟ್‌ನಲ್ಲಿ.

ಇಲ್ಲಿ ಹೇಳಿರುವುದು ಆಟದ ಆವೃತ್ತಿಗಳಾದ ಆಲ್ಫಾ 26 ಮತ್ತು ‘ಅಗ್ನಿ’ ಎಂಬ ಹೆಸರಿನ ಆಲ್ಫಾ 27ಕ್ಕೆ ಹೊಂದುತ್ತದೆ. ಕಡತಗಳ, ಟ್ಯಾಗ್‌ಗಳ (ಕಡತದೊಳಗಿನ ಅಂಶಗಳ ಗುರುತುಪಟ್ಟಿ) ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಕಂಪ್ಯೂಟರಿನಲ್ಲಿ ಅವು ರೋಮನ್ ಅಕ್ಷರದಲ್ಲೇ ಇರಬೇಕು. ಕಾಗುಣಿತದ ಚಿಂತೆ ಬೇಡ, ಏಕೆಂದರೆ ಮಾಡ್ ಮಾಡುವವರು ಟ್ಯಾಗ್‌ಗಳನ್ನು ನೆನಪಿನಿಂದ ಟೈಪ್ ಮಾಡುವುದಿಲ್ಲ. ಆಟದ್ದೇ ಕಡತವನ್ನು ನಕಲು ಮಾಡಿ, ಬೇಡದ್ದನ್ನು ಅಳಿಸಿ, ಬದಲಾಗಬೇಕಾದಷ್ಟನ್ನೇ ಉಳಿಸಿಕೊಳ್ಳುತ್ತಾರೆ. ಈ ಅಳಿಸುವ ಕೆಲಸ ಸರಿಯಾಗಿ ಬಂದರೆ ಮಾಡ್ ಬಾಳಿಕೆ ಬರುತ್ತದೆ.

ಏನು ಮಾಡಹೊರಟಿದ್ದೇವೆ

ಮೌರ್ಯರ ಪಡೆಗೆ ಒಬ್ಬ ಹೊಸ ಬಿಲ್ಲುಗಾರ. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಭಾರತದ ಕಾಲಾಳುಗಳ ಬಗ್ಗೆ ಹೇಳಿದ್ದನ್ನು ಅರಿಯನ್ ‘ಇಂಡಿಕಾ’ದಲ್ಲಿ ಬರೆದಿಟ್ಟಿದ್ದಾನೆ. ಬಿಲ್ಲು ಹೊತ್ತವನಷ್ಟೇ ಎತ್ತರ. ಅದರ ಒಂದು ತುದಿಯನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿಹಿಡಿದು ಹೆದೆ ಎಳೆಯುತ್ತಿದ್ದರು. ಬಾಣ ಮೂರು ಮೊಳಕ್ಕೆ ತುಸು ಕಡಿಮೆ. ಗುರಾಣಿಯಾಗಲಿ ಎದೆಗವಚವಾಗಲಿ ಅದನ್ನು ತಡೆಯದು. ಆಟದಲ್ಲಿರುವ ಮೌರ್ಯ ಬಿಲ್ಲುಗಾರ ಇಷ್ಟೆಲ್ಲ ಆಡಂಬರದವನಲ್ಲ, ಪಟಪಟನೆ ಬಾಣ ಬಿಡುವ ಸಾಮಾನ್ಯ. ನಮ್ಮವನು ದೂರಕ್ಕೆ, ಜೋರಾಗಿ, ನಿಧಾನವಾಗಿ ಹೊಡೆಯಬೇಕು. ಅವನಿಗೆ ‘ನೆಲಬಿಲ್ಲುಗಾರ’ ಎಂದು ಹೆಸರಿಡೋಣ. ಮಾಡ್‌ಗೆ ‘ಇಸಿಲ’ ಎಂಬ ಹೆಸರು: ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರದ ಅಶೋಕ ಶಾಸನಗಳಲ್ಲಿ ಸುವರ್ಣಗಿರಿಯಿಂದ ಆಜ್ಞೆ ಬರುವುದು ಇಸಿಲದ ಮಹಾಮಾತ್ರರಿಗೆ.

ಮೊದಲು ಓದುವ ಪ್ರತಿ

ಆಟ ಸ್ಥಾಪನೆಯಾದ ಫೋಲ್ಡರಿನಲ್ಲಿ ‘ಮಾಡ್ಸ್ › ಪಬ್ಲಿಕ್’ ಒಳಗೆ ಪಬ್ಲಿಕ್ ಹೆಸರಿನ ಜಿಪ್ ಕಡತವಿದೆ. ಆಟದ ಸರಕೆಲ್ಲ ಅದರಲ್ಲೇ. ಎಂಜಿನ್ನಿನ ಲೆಕ್ಕದಲ್ಲಿ ಮೂಲ ಆಟವೂ ಒಂದು ಮಾಡ್ ಅಷ್ಟೆ. ಆ ಜಿಪ್ಪನ್ನು ಡೆಸ್ಕ್‌ಟಾಪಿಗೋ ಬೇರೆಲ್ಲಿಗೋ ಬಿಚ್ಚಿಕೊಳ್ಳಿ. ಇದು ಓದಲಿಕ್ಕೆ, ನಕಲು ತೆಗೆಯಲಿಕ್ಕೆ ಮಾತ್ರ. ಸ್ಥಾಪನೆಯಾದ ಜಿಪ್ಪಿನೊಳಗೇ ತಿದ್ದುಪಡಿ ಮಾಡುವ ಉಮೇದು ಬೇಡ. ಆಟವನ್ನು ಮತ್ತೆ ಸ್ಥಾಪಿಸಿದರೆ ತಿದ್ದಿದ್ದೆಲ್ಲ ಹೋಗುತ್ತದೆ, ಏನು ತಿದ್ದಿದ್ದೆವು ಎಂಬ ನೆನಪೂ ಉಳಿಯುವುದಿಲ್ಲ.

ಒಳಗೆ ನಮಗೆ ಬೇಕಾದ ಜಾಗಗಳು ಮೂರು. ‘ಸಿಮ್ಯುಲೇಶನ್ › ಟೆಂಪ್ಲೇಟ್ಸ್’ ಎಂಬಲ್ಲಿ ಯೂನಿಟ್ಸ್ ಮತ್ತು ಸ್ಟ್ರಕ್ಚರ್ಸ್, ಅವುಗಳೊಳಗೆ ಮೌರ್ಯರಿಗೆ ‘ಮೌರ್’ ಎಂಬ ನಾಲ್ಕಕ್ಷರದ ಸಂಕೇತದ ಫೋಲ್ಡರ್. ‘ಸಿಮ್ಯುಲೇಶನ್ › ಡೇಟಾ’ ಎಂಬಲ್ಲಿ ಸಿವ್ಸ್, ಟೆಕ್ನಾಲಜೀಸ್, ಆರಾಸ್. ‘ಆರ್ಟ್’ ಎಂಬಲ್ಲಿ ಆಕ್ಟರ್ಸ್, ಮೆಶಸ್, ಟೆಕ್ಸ್‌ಚರ್ಸ್. ಬಿಡುಗಡೆಯ ಜಿಪ್ಪಿನಲ್ಲಿ ಚಿತ್ರಗಳು ಪಿಎನ್‌ಜಿ ರೂಪದಲ್ಲಿ ಇರುವುದಿಲ್ಲ, ಡಿಡಿಎಸ್‌ಗೆ ಪರಿವರ್ತನೆಯಾಗಿ ಹೆಸರಿನ ಕೊನೆಯಲ್ಲಿ ‘ಕ್ಯಾಶ್ಡ್’ ಎಂದು ಸೇರಿಸಿಕೊಂಡಿರುತ್ತವೆ. ತಿದ್ದಲು ಮೂಲ ಪಿಎನ್‌ಜಿ ಬೇಕಾದರೆ ಆಟ ಕಟ್ಟುವ ತಂಡವಾದ ವೈಲ್ಡ್‌ಫೈರ್ ಗೇಮ್ಸ್‌ನವರ ಗಿಟ್ ಭಂಡಾರದಿಂದಲೇ ತರಬೇಕು.

ಮಾಡ್‌ನ ಮನೆ

ನಮ್ಮ ಫೋಲ್ಡರ್ ಇರಬೇಕಾದ ಜಾಗ ವಿಂಡೋಸ್‌ನಲ್ಲಿ ‘ಡಾಕ್ಯುಮೆಂಟ್ಸ್ › ಮೈ ಗೇಮ್ಸ್ › 0ಎಡಿ › ಮಾಡ್ಸ್’. ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರಿನ ‘.ಲೋಕಲ್ › ಶೇರ್ › 0ಎಡಿ › ಮಾಡ್ಸ್’. ಮ್ಯಾಕ್‌ನಲ್ಲಿ ‘ಲೈಬ್ರರಿ › ಅಪ್ಲಿಕೇಶನ್ ಸಪೋರ್ಟ್ › 0ಎಡಿ › ಮಾಡ್ಸ್’. ಒನ್‌ಡ್ರೈವ್ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ತನ್ನೊಳಕ್ಕೆ ಎಳೆದುಕೊಂಡಿದ್ದರೆ ಮಾಡ್ಸ್ ಕೂಡ ಅಲ್ಲಿಗೇ ಹೋಗಿರುತ್ತದೆ. ‘ಮಾಡ್ ಪಟ್ಟಿಯಲ್ಲಿ ಕಾಣುತ್ತಿಲ್ಲ’ ಎನ್ನುವ ದೂರುಗಳಲ್ಲಿ ಇದೊಂದು.

ಅಲ್ಲಿ ‘ಇಸಿಲ’ ಫೋಲ್ಡರ್ ಮಾಡಿ, ಅದರ ನೇರ ಒಳಗೆ ‘ಮಾಡ್.ಜೇಸನ್’ ಕಡತ ಇಡಿ. ಅದರಲ್ಲಿ ಐದು ಅಂಶ ಸಾಕು: ನೇಮ್, ವರ್ಶನ್, ಲೇಬಲ್, ಡಿಸ್ಕ್ರಿಪ್ಶನ್, ಡಿಪೆಂಡೆನ್ಸೀಸ್. ನೇಮ್ ಸಣ್ಣಕ್ಷರದಲ್ಲಿ, ನಡುವೆ ಖಾಲಿ ಜಾಗವಿಲ್ಲದೆ ಇರಲಿ. ವರ್ಶನ್ ಅಂದರೆ ಚುಕ್ಕಿಗಳಿಂದ ಬೇರೆಯಾದ ಅಂಕಿ ಮಾತ್ರ, 0.1.0 ಎಂಬಂತೆ, ‘ಬೀಟಾ’ ಗೀಟಾ ಸೇರಿಸಬೇಡಿ. ಡಿಪೆಂಡೆನ್ಸೀಸ್ ಎಂಬುದು ಚೌಕ ಆವರಣದೊಳಗಿನ ಪಟ್ಟಿ. ಅದರಲ್ಲಿ ಆಟದ ಹೆಸರು, ಸಮ ಚಿಹ್ನೆ, ಆವೃತ್ತಿ ಸಂಖ್ಯೆ. ಎಡವುವುದು ಇಲ್ಲೇ: ಆಲ್ಫಾ 26ರ ಸಂಖ್ಯೆ 0.0.26, ಆಲ್ಫಾ 27ರದ್ದು 0.27.0. ಎಣಿಕೆಯ ಕ್ರಮವೇ ನಡುವೆ ಬದಲಾಗಿದೆ. ಹಳೆ ಮಾದರಿ ನೋಡಿ 0.0.27 ಎಂದು ಬರೆದರೆ ಆಟ ಮಾಡ್ ಅನ್ನು ಹೊಂದಾಣಿಕೆಯಿಲ್ಲದ್ದು ಎಂದು ಬದಿಗೆ ಸರಿಸುತ್ತದೆ. ಜೇಸನ್‌ನಲ್ಲಿ ಕೊನೆಯ ಅಂಶದ ನಂತರ ಅಲ್ಪವಿರಾಮ ಉಳಿದರೂ, ಮೊಬೈಲಿನಿಂದ ಅಂಟಿಸಿದ ಬಾಗಿದ ಉದ್ಧರಣ ಚಿಹ್ನೆ ನುಸುಳಿದರೂ ಕಡತ ಓದಲಾಗುವುದಿಲ್ಲ. ವಿಂಡೋಸ್‌ನಲ್ಲಿ ಕಡತದ ಬಾಲ (ಹೆಸರಿನ ಕೊನೆಯ ‘.ಜೇಸನ್’ನಂಥ ಭಾಗ) ಮರೆಯಾಗಿದ್ದರೆ ನೋಟ್‌ಪ್ಯಾಡ್ ಅದನ್ನು ‘ಮಾಡ್.ಜೇಸನ್.ಟಿಎಕ್ಸ್‌ಟಿ’ ಎಂದು ಉಳಿಸಿರಬಹುದು. ಬಾಲ ಕಾಣುವಂತೆ ಮಾಡಿಕೊಂಡೇ ಕೆಲಸಕ್ಕೆ ಕೂರಿ.

ಆಟ ತೆರೆದು ಸೆಟ್ಟಿಂಗ್ಸ್‌ನಲ್ಲಿ ಮಾಡ್ ಸೆಲೆಕ್ಷನ್‌ಗೆ ಹೋಗಿ, ಇಸಿಲವನ್ನು ಸಕ್ರಿಯ ಪಟ್ಟಿಗೆ ತಂದು, ಸೇವ್ ಮಾಡಿ, ಸ್ಟಾರ್ಟ್ ಮಾಡ್ಸ್ ಒತ್ತಿ. ಒಳಗೆ ಏನೂ ಇಲ್ಲದ ಮಾಡ್ ಆದರೂ ಈ ಹಂತದಲ್ಲಿ ಚಾಲೂ ಆಗಬೇಕು. ಆಗದಿದ್ದರೆ ಮುಂದೆ ಹೋಗಬೇಡಿ.

ಅತಿಕ್ರಮಣ, ಆನುವಂಶಿಕತೆ

ಎಂಜಿನ್ ಎಲ್ಲ ಮಾಡ್‌ಗಳ ಫೋಲ್ಡರುಗಳನ್ನು ಒಂದರ ಮೇಲೊಂದು ಹಾಸಿದ ಹಾಗೆ ನೋಡುತ್ತದೆ. ಒಂದೇ ದಾರಿಯಲ್ಲಿ ಒಂದೇ ಹೆಸರಿನ ಕಡತ ಎರಡು ಕಡೆ ಇದ್ದರೆ ಪಟ್ಟಿಯಲ್ಲಿ ಆಮೇಲೆ ಬರುವ ಮಾಡ್‌ನದ್ದು ಗೆಲ್ಲುತ್ತದೆ. ಗೆಲ್ಲುವುದೆಂದರೆ ಪೂರ್ತಿ ಗೆಲ್ಲುವುದು: ಸಾಲು ಸಾಲಾಗಿ ಬೆರೆಸುವ ಕೆಲಸ ಇಲ್ಲ, ಕೆಳಗಿನ ಕಡತ ಇಡಿಯಾಗಿ ಮುಚ್ಚಿಹೋಗುತ್ತದೆ. ಹಾಗಾಗಿ ಎಲ್ಲ ಕಾಲಾಳುಗಳ ಮೂಲ ಟೆಂಪ್ಲೇಟನ್ನು (ಗುಣಗಳನ್ನು ಬರೆದಿಟ್ಟ ಎಕ್ಸ್‌ಎಂಎಲ್ ಕಡತ) ನಕಲಿಸಿ ಒಂದು ಅಂಕಿ ಬದಲಿಸುವ ಮಾಡ್ ಎರಡು ಕಡೆ ಸಾಲ ಮಾಡಿದಂತೆ. ಅದೇ ಕಡತ ಮುಟ್ಟುವ ಇನ್ನೊಂದು ಮಾಡ್ ಜೊತೆ ಕೂಡುವುದಿಲ್ಲ. ಆಟದ ಮುಂದಿನ ಆವೃತ್ತಿಯಲ್ಲಿ ಆ ಕಡತಕ್ಕೆ ಬಂದ ತಿದ್ದುಪಡಿಗಳೂ ನಿಮಗೆ ಸಿಗುವುದಿಲ್ಲ.

ಹೊಸ ಹೆಸರಿನ ಕಡತಕ್ಕೆ ಈ ಕಷ್ಟವಿಲ್ಲ. ಅದರ ಮೊದಲ ಸಾಲಿನಲ್ಲಿ ‘ಪೇರೆಂಟ್’ ಎಂದು ತಾಯಿ ಟೆಂಪ್ಲೇಟಿನ ಹೆಸರು ಕೊಟ್ಟರೆ ಎಲ್ಲ ಗುಣವೂ ಅಲ್ಲಿಂದ ಇಳಿದು ಬರುತ್ತದೆ. ನಾವು ಬರೆಯುವುದು ವ್ಯತ್ಯಾಸ ಮಾತ್ರ. ಅಂಕಿಗಳಿಗೆ ‘ಆಪ್’ ಎಂಬ ಗುಣಸೂಚಕ ಹಾಕಬಹುದು: ‘ಆ್ಯಡ್’ ಅಂದರೆ ತಾಯಿಯ ಅಂಕಿಗೆ ಕೂಡು, ‘ಮಲ್’ ಅಂದರೆ ಗುಣಿಸು, ‘ಮಲ್_ರೌಂಡ್’ ಅಂದರೆ ಗುಣಿಸಿ ಪೂರ್ಣಾಂಕಕ್ಕೆ ತಾ. ಆಟದವರು ಪ್ರತಿ ಆವೃತ್ತಿಯಲ್ಲೂ ಬಿಲ್ಲುಗಾರರ ಬಲವನ್ನು ಅಷ್ಟಿಷ್ಟು ಏರುಪೇರು ಮಾಡುತ್ತಲೇ ಇರುತ್ತಾರೆ. ‘ಹಾನಿ 15’ ಎಂದು ನೇರ ಬರೆದವರು ಪ್ರತಿ ಸಲ ಕುಳಿತು ಲೆಕ್ಕ ಹಾಕಬೇಕು. ‘ತಾಯಿಯ 2.2 ಪಟ್ಟು’ ಎಂದು ಬರೆದವರಿಗೆ ಆ ಕೆಲಸ ಕಡಿಮೆ.

ನೆಲಬಿಲ್ಲುಗಾರನ ಕಡತ

ಮೌರ್ಯ ಬಿಲ್ಲುಗಾರನ ಮೊದಲ ದರ್ಜೆಯ ಟೆಂಪ್ಲೇಟ್ ಯೂನಿಟ್ಸ್‌ನ ‘ಮೌರ್’ ಫೋಲ್ಡರಿನಲ್ಲಿ ಇನ್‌ಫೆಂಟ್ರಿ_ಆರ್ಚರ್_ಬಿ ಎಂಬ ಹೆಸರಿನಲ್ಲಿದೆ. ಕೊನೆಯ ‘ಬಿ’ ಎಂದರೆ ಬೇಸಿಕ್. ‘ಎ’ ಅಡ್ವಾನ್ಸ್ಡ್, ‘ಇ’ ಎಲೀಟ್. ಇಸಿಲದೊಳಗೆ ಅದೇ ಫೋಲ್ಡರ್ ಸಾಲನ್ನು ನಿರ್ಮಿಸಿ, ಈ ಕಡತವನ್ನು ‘ಇನ್‌ಫೆಂಟ್ರಿ_ನೆಲಬಿಲ್ಲು_ಬಿ’ ಎಂದು ನಕಲು ಮಾಡಿ. ಎಲ್ಲ ಸಣ್ಣಕ್ಷರ. ವಿಂಡೋಸ್‌ನಲ್ಲಿ ದೊಡ್ಡಕ್ಷರ ನಡೆದೀತು, ಲಿನಕ್ಸ್‌ನ ಗೆಳೆಯರ ಬಳಿ ಅದೇ ಕಡತ ಸಿಗುವುದಿಲ್ಲ. ಪೇರೆಂಟ್ ಜಾಗದಲ್ಲಿ ಹಳೆಯ ಬಿಲ್ಲುಗಾರನ ಹೆಸರನ್ನೇ ಕೊಡಿ. ‘ಯೂನಿಟ್ಸ್/ಮೌರ್/’ ಎಂದು ದಾರಿ ಸಮೇತ, ಕೊನೆಯ ಎಕ್ಸ್‌ಎಂಎಲ್ ಬಾಲವಿಲ್ಲದೆ. ಉಳಿದದ್ದೆಲ್ಲ ಅಳಿಸಿ, ಇವನ್ನು ಬರೆಯಿರಿ:

ಅಟ್ಯಾಕ್ › ರೇಂಜ್ಡ್ › ಡ್ಯಾಮೇಜ್ › ಪಿಯರ್ಸ್: ಆಪ್ ಮಲ್, 2.2
ಅಟ್ಯಾಕ್ › ರೇಂಜ್ಡ್ › ಮ್ಯಾಕ್ಸ್‌ರೇಂಜ್: ಆಪ್ ಮಲ್, 1.2
ಅಟ್ಯಾಕ್ › ರೇಂಜ್ಡ್ › ರಿಪೀಟ್‌ಟೈಮ್: ಆಪ್ ಮಲ್, 2.5
ಅಟ್ಯಾಕ್ › ರೇಂಜ್ಡ್ › ಪ್ರೊಜೆಕ್ಟೈಲ್ › ಸ್ಪೀಡ್: ಆಪ್ ಮಲ್, 1.2
ಕಾಸ್ಟ್ › ರಿಸೋರ್ಸಸ್ › ವುಡ್: ಆಪ್ ಮಲ್_ರೌಂಡ್, 1.3
ಯೂನಿಟ್‌ಮೋಶನ್ › ವಾಕ್‌ಸ್ಪೀಡ್: ಆಪ್ ಮಲ್, 0.9

ಬಾಣದ ಗುರುತಿನ ಎಡ ಬದಿಯದು ಹೊರಗಿನ ಟ್ಯಾಗ್, ಬಲದ್ದು ಅದರ ಒಳಗಿನದು. ಅಟ್ಯಾಕ್‌ನ ನಾಲ್ಕು ಸಾಲುಗಳಿಗೂ ಒಂದೇ ಅಟ್ಯಾಕ್ ಟ್ಯಾಗ್, ಅದರೊಳಗೆ ಒಂದೇ ರೇಂಜ್ಡ್ ಟ್ಯಾಗ್.

ಅಂಕಿಗಳ ಹಿಂದಿನ ಲೆಕ್ಕ ಹೀಗೆ. ಹಾನಿ 2.2 ಪಟ್ಟು, ಎರಡು ಬಾಣಗಳ ನಡುವಿನ ಅವಧಿ 2.5 ಪಟ್ಟು. ಭಾಗಿಸಿದರೆ ಸೆಕೆಂಡಿಗೆ ಬೀಳುವ ಹಾನಿ ಹಳೆಯವನ ಶೇ 88. ದೂರ ಶೇ 20 ಹೆಚ್ಚು ಸಿಕ್ಕಿದ್ದಕ್ಕೆ ಅಷ್ಟು ದಂಡ ಕಟ್ಟಲೇಬೇಕು. ದೂರದ ಅನುಕೂಲ ಈ ಆಟದಲ್ಲಿ ಕಾಗದದ ಮೇಲೆ ಕಾಣುವುದಕ್ಕಿಂತ ದೊಡ್ಡದು: 30 ಜನ ಒಟ್ಟಾಗಿ ನಿಂತಾಗ ಹಿಂದಿನ ಸಾಲಿನವರಿಗೂ ಗುರಿ ಎಟಕುತ್ತದೆ. ರಿಪೀಟ್‌ಟೈಮ್ ಮಿಲಿಸೆಕೆಂಡಿನಲ್ಲಿದೆ, 1000 ಅಂದರೆ ಒಂದು ಸೆಕೆಂಡ್. ಇದನ್ನು 5000ಕ್ಕೆಲ್ಲ ಏರಿಸಿದರೆ ಬಾಣ ಬಿಡುವ ಅನಿಮೇಶನ್ ಅಷ್ಟು ಹೊತ್ತಿಗೆ ಹಿಗ್ಗಿ, ಸೈನಿಕ ನೀರೊಳಗೆ ಕೈಯಾಡಿಸಿದಂತೆ ಕಾಣುತ್ತಾನೆ. ಬಾಣದ ವೇಗ ಹೆಚ್ಚಿಸದೆ ದೂರ ಮಾತ್ರ ಹೆಚ್ಚಿಸುವುದೂ ತಪ್ಪು. ಬಾಣ ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಓಡುವ ಕುದುರೆ ಅಷ್ಟರಲ್ಲಿ ಜಾಗ ಬಿಟ್ಟಿರುತ್ತದೆ. ಸ್ಪ್ರೆಡ್ ಎಂಬ ಅಂಕಿ 100 ಮೀಟರ್ ದೂರದಲ್ಲಿ ಬಾಣ ಎಷ್ಟು ಚದುರುತ್ತದೆ ಎಂಬ ಅಳತೆ. ಹತ್ತಿರದಲ್ಲಿ ಅದೇ ಪ್ರಮಾಣದಲ್ಲಿ ಚದುರುವಿಕೆ ಕಡಿಮೆ, ದೂರ ಹೋದಂತೆ ಹೆಚ್ಚು. ಇದನ್ನು ಮುಟ್ಟದೆ ಬಿಟ್ಟಿದ್ದೇವೆ.

ವೆಚ್ಚದ ಸಾಲಿಗೆ ‘ಮಲ್’ ಸಾಲದು, ‘ಮಲ್_ರೌಂಡ್’ ಬೇಕೇಬೇಕು. ಸಂಪನ್ಮೂಲದ ವೆಚ್ಚ ಪೂರ್ಣಾಂಕವೇ ಆಗಿರಬೇಕೆಂದು ಎಂಜಿನ್ನಿನ ಕಟ್ಟಳೆ. 45ರ 1.3 ಪಟ್ಟು 58.5 ಬಂತೆಂದರೆ ಇಡೀ ಟೆಂಪ್ಲೇಟೇ ತಿರಸ್ಕಾರವಾಗುತ್ತದೆ. ಉತ್ತರ ಪೂರ್ಣಾಂಕವೇ ಬರುವ ಲೆಕ್ಕದಲ್ಲೂ ನಂಬಬೇಡಿ. ಎಂಜಿನ್ ಸ್ಥಿರಬಿಂದು ಗಣಿತದಲ್ಲಿ ಎಣಿಸುವುದರಿಂದ 1.3ರಂಥ ದಶಮಾಂಶ ಒಳಗೆ ಕರಾರುವಾಕ್ಕಾಗಿ ಕೂರುವುದಿಲ್ಲ.

ಈಗ ಕವಚ ಸೀಳುವ ಮಾತು. ಅರಿಯನ್ ಹೇಳಿದ್ದಾನೆಂದು ಹಾನಿಯನ್ನು ದೊಡ್ಡದು ಮಾಡಿದರೆ ಬಾಣ ಕವಚ ಸೀಳಿಬಿಡುತ್ತದೆ ಎಂದುಕೊಳ್ಳುವುದು ಬೇರೆ ಆಟಗಳಿಂದ ಬಂದವರ ರೂಢಿ. ಅಲ್ಲೆಲ್ಲ ಕವಚ ಹಾನಿಯಿಂದ ಒಂದು ಅಂಕಿಯನ್ನು ಕಳೆಯುತ್ತದೆ, ದೊಡ್ಡ ಏಟಿಗೆ ಲಾಭವಿದೆ. ಇಲ್ಲಿ ರೆಸಿಸ್ಟೆನ್ಸ್ (ಹಾನಿ ತಡೆಯುವ ಬಲ) ಹಂತಗಳಲ್ಲಿದೆ, ಪ್ರತಿ ಹಂತವೂ ಉಳಿದ ಹಾನಿಯ ಶೇ 10 ಕಡಿತ. 1 ಹಂತಕ್ಕೆ ಶೇ 90 ದಾಟುತ್ತದೆ, 5ಕ್ಕೆ ಶೇ 59, 10ಕ್ಕೆ ಶೇ 35ರಷ್ಟು. ಸಣ್ಣ ಬಾಣಕ್ಕೂ ದೊಡ್ಡ ಬಾಣಕ್ಕೂ ಇದೇ ಅನುಪಾತ. ದೊಡ್ಡ ಏಟಿಗೆ ನಷ್ಟವೇ ಹೆಚ್ಚು: ಸಾಯಲು 3 ಅಂಕ ಉಳಿದಿರುವವನ ಮೇಲೆ 15ರ ಬಾಣ ಬಿದ್ದರೆ 12 ಪೋಲು. ಕವಚಧಾರಿಗಳ ಮೇಲೆ ನಿಜಕ್ಕೂ ಪರಿಣಾಮ ಬೇಕಿದ್ದರೆ ರೇಂಜ್ಡ್ ಒಳಗೆ ‘ಬೋನಸಸ್’ ಎಂಬ ಟ್ಯಾಗ್ ಸೇರಿಸಿ, ಅದರೊಳಗೆ ನಿಮ್ಮದೇ ಹೆಸರಿನ ಒಂದು ಟ್ಯಾಗ್, ಅದರಲ್ಲಿ ಕ್ಲಾಸಸ್ ಎಂಬಲ್ಲಿ ಚಾಂಪಿಯನ್ (ಆಟದ ಮೇಲ್ದರ್ಜೆಯ ಸೈನಿಕರ ವರ್ಗ), ಮಲ್ಟಿಪ್ಲೈಯರ್ ಎಂಬಲ್ಲಿ 1.25 ಕೊಡಿ. ಇದಕ್ಕಿಂತ ಸುಲಭವೆಂದು ಪಿಯರ್ಸ್ (ಚುಚ್ಚುವ) ಹಾನಿಯ ಜೊತೆ ಒಂದಿಷ್ಟು ಕ್ರಶ್ (ಜಜ್ಜುವ) ಹಾನಿ ಸೇರಿಸುವವರಿದ್ದಾರೆ. ಕಟ್ಟಡಗಳು ತಾಳಲಾರದ್ದು ಕ್ರಶ್ ಒಂದನ್ನೇ. ನಿಮ್ಮ ಬಿಲ್ಲುಗಾರರು ಕೋಟೆ ಕೆಡವುವ ಯಂತ್ರಗಳಾಗಿಬಿಡುತ್ತಾರೆ.

ತಾಯಿಯಿಂದ ಬೇಡದ್ದೂ ಬರುತ್ತದೆ

ಈ ಕಡತ ಹೀಗೇ ಬಿಟ್ಟು ಆಡಿದರೆ ಹತ್ತು ನಿಮಿಷದ ನಂತರ ಒಂದು ಸೋಜಿಗ ನಡೆಯುತ್ತದೆ. ನೆಲಬಿಲ್ಲುಗಾರ ನಾಲ್ಕಾರು ಜನರನ್ನು ಹೊಡೆದು ಅನುಭವ ಗಳಿಸಿ ಬಡ್ತಿ ಪಡೆದ ಕೂಡಲೇ ಸಾಮಾನ್ಯ ಬಿಲ್ಲುಗಾರನಾಗಿ ಮಾರ್ಪಡುತ್ತಾನೆ. ದೆವ್ವವಲ್ಲ, ಪ್ರಮೋಶನ್. ತಾಯಿಯಿಂದ ಬಂದ ‘ಪ್ರಮೋಶನ್ › ಎಂಟಿಟಿ’ ಹಳೆಯ ಬಿಲ್ಲುಗಾರನ ‘ಎ’ ದರ್ಜೆಯನ್ನೇ ತೋರಿಸುತ್ತಿದೆ. ಬಡ್ತಿಯೇ ಬೇಡವೆಂದರೆ ಪ್ರಮೋಶನ್ ಟ್ಯಾಗಿಗೆ ‘ಡಿಸೇಬಲ್’ ಎಂಬ ಗುಣಸೂಚಕ ಹಾಕಿ ಖಾಲಿ ಬಿಡಿ. ಬೇಕೆಂದರೆ ‘ನೆಲಬಿಲ್ಲು_ಎ’, ‘ನೆಲಬಿಲ್ಲು_ಇ’ ಎಂಬ ಎರಡು ಪುಟ್ಟ ಕಡತ ಮಾಡಿ: ಪೇರೆಂಟ್ ನಮ್ಮದೇ ‘ಬಿ’, ಐಡೆಂಟಿಟಿಯಲ್ಲಿ ರ‍್ಯಾಂಕ್, ಮುಂದಿನ ದರ್ಜೆಯ ಎಂಟಿಟಿ ಹೆಸರು, ಆಕ್ಟರ್. ಬಲ ಹೆಚ್ಚಿಸುವ ಅಂಕಿಗಳನ್ನು ಇವುಗಳಲ್ಲಿ ಬರೆಯಬೇಕಿಲ್ಲ, ರ‍್ಯಾಂಕ್ ನೋಡಿ ಆಟವೇ ಕೊಡುತ್ತದೆ. ನೀವೂ ಬರೆದರೆ ಎರಡು ಸಲ ಸೇರುತ್ತದೆ. ‘ಇ’ ಕಡತದಲ್ಲಿ ಪ್ರಮೋಶನ್ ಅನ್ನು ಡಿಸೇಬಲ್ ಮಾಡಲು ಮರೆಯಬೇಡಿ.

ಅದೇ ರೀತಿ ‘ಐಡೆಂಟಿಟಿ › ಸೆಲೆಕ್ಷನ್‌ಗ್ರೂಪ್‌ನೇಮ್’. ಇದು ಮೂರೂ ದರ್ಜೆಯವರನ್ನು ಒಂದೇ ಗುಂಪಾಗಿ ಆಯಲು ಇರುವುದು. ನಮ್ಮ ‘ಬಿ’ ಕಡತದ ಹೆಸರನ್ನು ಇಲ್ಲಿ ಕೊಡದಿದ್ದರೆ ಹಳೆಯ ಬಿಲ್ಲುಗಾರರೂ ಹೊಸಬರೂ ಒಂದೇ ಗುಂಡಿಯಡಿ ಸೇರಿಹೋಗುತ್ತಾರೆ.

ಹೆಸರು ತೋರಿಸಲು ಎರಡು ಟ್ಯಾಗ್: ಜೆನೆರಿಕ್‌ನೇಮ್ ಇಂಗ್ಲಿಷ್ ಹೆಸರಿಗೆ, ಸ್ಪೆಸಿಫಿಕ್‌ನೇಮ್ ಆಯಾ ನಾಗರಿಕತೆಯ ನುಡಿಗೆ. ಎರಡನೆಯದರಲ್ಲಿ ಕನ್ನಡ ಲಿಪಿ ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಹಾಕಬೇಡಿ. ಈ ಆವೃತ್ತಿಗಳ ಆಟದ ಫಾಂಟ್ ಮೊದಲೇ ಚಿತ್ರವಾಗಿ ಅಚ್ಚೊತ್ತಿದ ಅಕ್ಷರಗಳ ತಟ್ಟೆ, ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ರೋಮನ್ ಲಿಪಿಯಲ್ಲೇ ಬರೆಯಿರಿ, ಆಟದ ಉಳಿದ ಮೌರ್ಯ ಹೆಸರುಗಳೂ ಹಾಗೇ ಇವೆ.

ಬ್ಯಾರಕ್ಸ್‌ಗೆ ಸೇರಿಸುವುದು

ಇದೊಂದು ಕಡೆ ಅತಿಕ್ರಮಣ ತಪ್ಪುವುದಿಲ್ಲ. ಮೌರ್ಯರ ಬ್ಯಾರಕ್ಸ್ ಟೆಂಪ್ಲೇಟನ್ನು ಅದೇ ದಾರಿ, ಅದೇ ಹೆಸರಿನಲ್ಲಿ ಇಸಿಲಕ್ಕೆ ನಕಲು ಮಾಡಿ, ಇಲ್ಲಿ ಮಾತ್ರ ಒಳಗಿನದನ್ನೆಲ್ಲ ಉಳಿಸಿಕೊಂಡು ‘ಟ್ರೇನರ್ › ಎಂಟಿಟೀಸ್’ ಪಟ್ಟಿಗೆ ನಮ್ಮ ಘಟಕದ ಹೆಸರು ಸೇರಿಸಿ. ಟ್ರೇನರ್ ಟ್ಯಾಗೇ ಅಲ್ಲಿ ಇಲ್ಲದಿದ್ದರೆ ಹೊಸದಾಗಿ ಬರೆಯಿರಿ. ಎಂಟಿಟೀಸ್ ಟ್ಯಾಗಿಗೆ ‘ಡೇಟಾಟೈಪ್’ ಎಂಬುದು ‘ಟೋಕನ್ಸ್’ ಎಂದಿರಬೇಕು. ಹಾಗಿದ್ದರೆ ತಾಯಿಯ ಪಟ್ಟಿಗೆ ನಿಮ್ಮದು ಸೇರುತ್ತದೆ, ಇಲ್ಲದಿದ್ದರೆ ತಾಯಿಯ ಪಟ್ಟಿಯೇ ಅಳಿದು ನಿಮ್ಮ ಒಂದು ಹೆಸರು ಉಳಿಯುತ್ತದೆ. ಹೆಸರಿನ ಮೊದಲಿಗೆ ಕಳೆಯುವ ಚಿಹ್ನೆ ಇಟ್ಟರೆ ತಾಯಿಯ ಪಟ್ಟಿಯಿಂದ ಅದನ್ನು ತೆಗೆಯಲೂಬಹುದು.

ಆ ಪಟ್ಟಿಗಳಲ್ಲಿ ಅಲ್ಲಲ್ಲಿ ಪುಷ್ಪಾವರಣದೊಳಗೆ ‘ಸಿವ್’ ಅಥವಾ ‘ನೇಟಿವ್’ ಎಂದು ಕಾಣುತ್ತದೆ. ‘ಸಿವ್’ ಜಾಗಕ್ಕೆ ಕಟ್ಟಡದ ಈಗಿನ ಒಡೆಯನ ನಾಗರಿಕತೆ ಬರುತ್ತದೆ, ‘ನೇಟಿವ್’ ಜಾಗಕ್ಕೆ ಕಟ್ಟಡದ ಮೂಲ ನಾಗರಿಕತೆ. ರೋಮನರು ಮೌರ್ಯ ಬ್ಯಾರಕ್ಸ್ ವಶಪಡಿಸಿಕೊಂಡರೆ ನೆಲಬಿಲ್ಲುಗಾರ ಅವರಿಗೆ ಸಿಗಬೇಕೋ ಬೇಡವೋ ಎಂಬುದು ಈ ಒಂದು ಪದದಲ್ಲಿದೆ. ‘ಸಿವ್’ ಹಾಕಿದರೆ ರೋಮನ್ ಫೋಲ್ಡರಿನಲ್ಲಿ ಆ ಹೆಸರಿನ ಕಡತ ಇಲ್ಲದ್ದರಿಂದ ಸದ್ದಿಲ್ಲದೆ ಕೈಬಿಡುತ್ತದೆ. ಈ ಸದ್ದಿಲ್ಲದಿರುವುದೇ ಕೆಲವೊಮ್ಮೆ ತಲೆನೋವು: ನಿಮ್ಮ ಕಡತದ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ದೋಷಸಂದೇಶ ಬರದೆ ಗುಂಡಿಯಷ್ಟೇ ಮಾಯವಾಗುತ್ತದೆ.

ಅಂತರ್ಜಾಲದಲ್ಲಿ ಸಿಗುವ ಹಳೆಯ ಪಾಠಗಳು ಇಲ್ಲಿ ‘ಪ್ರೊಡಕ್ಷನ್‌ಕ್ಯೂ’ ಒಳಗೆ ಬರೆಯಿರಿ ಎನ್ನುತ್ತವೆ. ಆಲ್ಫಾ 26ರಲ್ಲಿ ಅದು ಒಡೆದು ಟ್ರೇನರ್, ರಿಸರ್ಚರ್ ಎಂದು ಬೇರೆಯಾಯಿತು. ಹಳೆಯದನ್ನು ಅಂಟಿಸಿದರೆ ಬ್ಯಾರಕ್ಸ್ ಟೆಂಪ್ಲೇಟೇ ಅಮಾನ್ಯವಾಗುತ್ತದೆ.

ರೂಪ

ಸೈನಿಕನ ರೂಪ ಆಕ್ಟರ್ ಕಡತದಲ್ಲಿದೆ: ಮೆಶ್ (ಮೂರು ಆಯಾಮದ ಆಕಾರ) ಯಾವುದು, ಟೆಕ್ಸ್‌ಚರ್ (ಅದರ ಮೇಲೆ ಹೊದಿಸುವ ಚಿತ್ರ) ಯಾವುದು, ಕೈಗೆ, ತಲೆಗೆ ಅಂಟಿಸುವ ಪ್ರಾಪ್‌ಗಳು ಯಾವುವು ಎಂದು. ಹಳೆಯ ಬಿಲ್ಲುಗಾರನ ಆಕ್ಟರನ್ನು ಹೊಸ ಹೆಸರಿನಲ್ಲಿ ನಕಲಿಸಿ, ಟೆಂಪ್ಲೇಟಿನ ‘ವಿಶುಯಲ್‌ಆಕ್ಟರ್ › ಆಕ್ಟರ್’ ಅದನ್ನು ತೋರುವಂತೆ ಮಾಡಿ. ಎತ್ತರದ ಬಿಲ್ಲು ಬೇಕೆಂದರೆ ಬಿಲ್ಲಿನ ಮೆಶ್ ಅನ್ನು ಬ್ಲೆಂಡರ್‌ನಲ್ಲಿ ಹಿಗ್ಗಿಸಿ ಕೊಲಾಡಾ ರೂಪದಲ್ಲಿ ಉಳಿಸಬೇಕು. ಅಟ್ಯಾಚ್‌ಪಾಯಿಂಟ್ ಹೆಸರನ್ನು ಮಾತ್ರ ಮೂಲದಲ್ಲಿದ್ದಂತೆಯೇ ಇಡಿ. ಕಾಲಿನಿಂದ ಒತ್ತಿ ಹೊಡೆಯುವ ಅನಿಮೇಶನ್ ಮೊದಲ ಮಾಡ್‌ಗೆ ಬೇಡ. ಅಸ್ಥಿಪಂಜರ, ತೂಕದ ಲೆಕ್ಕ ಅಂತ ಅದೇ ಬೇರೆ ಲೋಕ.

ಟೆಕ್ಸ್‌ಚರ್ ಬಣ್ಣ ಬದಲಿಸುವುದು ಸುಲಭ, ಕೈಕೊಡುವುದೂ ಸುಲಭ. ಚಿತ್ರದ ಅಳತೆ 256, 512, 1024 ಹೀಗೆ ಎರಡರ ಘಾತವಾಗಿರಲಿ. ಮೆಟೀರಿಯಲ್ ‘ಪ್ಲೇಯರ್_ಟ್ರಾನ್ಸ್’ ಆಗಿದ್ದರೆ ಚಿತ್ರದ ಆಲ್ಫಾ ಪದರ ಪಾರದರ್ಶಕತೆ ಅಲ್ಲ, ಆಟಗಾರನ ಬಣ್ಣ ಎಲ್ಲಿ ಹಚ್ಚಬೇಕೆಂಬ ನಕ್ಷೆ. ಆಲ್ಫಾ ಇಲ್ಲದೆ ಉಳಿಸಿದರೆ ಪಂಚೆಯ ಮೇಲಿನ ಗುರುತಿನ ಬಣ್ಣ ಬರುವುದಿಲ್ಲ, ಯುದ್ಧದಲ್ಲಿ ತನ್ನವರು ಯಾರು ಎಂದೇ ತಿಳಿಯದು. ಗಿಂಪ್‌ನಲ್ಲಿ ಇನ್ನೊಂದು ಕೊಕ್ಕೆ: ಪಾರದರ್ಶಕ ಬಿಂದುಗಳ ಬಣ್ಣವನ್ನೂ ಉಳಿಸು ಎಂಬ ಆಯ್ಕೆಗೆ ಗುರುತು ಹಾಕದೆ ಪಿಎನ್‌ಜಿ ರಫ್ತು ಮಾಡಿದರೆ ಆ ಜಾಗದ ಬಣ್ಣವನ್ನೆಲ್ಲ ಗಿಂಪ್ ಒರೆಸಿಹಾಕುತ್ತದೆ, ನೆರಿಗೆ ನೆರಳುಗಳು ಹೋಗಿ ಬಟ್ಟೆ ಚಪ್ಪಟೆಯಾಗುತ್ತದೆ. ‘ಬೇಸಿಕ್_ಟ್ರಾನ್ಸ್’ ಮೆಟೀರಿಯಲ್‌ನಲ್ಲಿ ಮಾತ್ರ ಆಲ್ಫಾ ಎಂದರೆ ನಿಜವಾದ ಪಾರದರ್ಶಕತೆ. ಎಲೆ, ಜಾಲರಿಗಳಿಗೆ ಅದು. ಘಟಕದ ಗುಂಡಿಯ ಚಿತ್ರ 256ಕ್ಕೆ 256ರ ಪಿಎನ್‌ಜಿ.

ಸ್ತಂಭದ ಬದಲು ಬಂಡೆ

ಮೌರ್ಯರಿಗೆ ಆಟದಲ್ಲಿ ಅಶೋಕ ಸ್ತಂಭ ಎಂಬ ಕಟ್ಟಡವಿದೆ. ಗಂಗೆಯ ಬಯಲಿಗೆ ಅದು ಸರಿ. ಇಸಿಲದ ನಕಾಶೆಗೆ ತಂದು ನೆಟ್ಟರೆ ಅಪಹಾಸ್ಯ. ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ನಿಟ್ಟೂರು, ಉಡೆಗೋಳ ಎಲ್ಲೆಡೆಯೂ ಅಶೋಕನ ಮಾತು ಇರುವುದು ಬಂಡೆಯ ಮೇಲೆ. ಸನ್ನತಿಯಲ್ಲಿ ಚಪ್ಪಡಿಯ ಮೇಲೆ. ಹಾಗಾಗಿ ಸ್ತಂಭವನ್ನೇ ಪೇರೆಂಟ್ ಮಾಡಿಕೊಂಡು ಒಂದು ಹೊಸ ಸ್ಟ್ರಕ್ಚರ್ ಕಡತ ಬರೆದು, ಆಕ್ಟರ್ ಜಾಗದಲ್ಲಿ ಆಟದ ‘ಜಿಯಾಲಜಿ’ ಫೋಲ್ಡರಿನ ಗ್ರಾನೈಟ್ ಬಂಡೆಯೊಂದನ್ನು ಕೊಡಿ. ಫುಟ್‌ಪ್ರಿಂಟ್ ಮತ್ತು ಅಬ್‌ಸ್ಟ್ರಕ್ಷನ್ ಅಳತೆಗಳನ್ನು ಬಂಡೆಯ ಅಗಲಕ್ಕೆ ಹೊಂದಿಸಿ. ಸ್ತಂಭದ ತೆಳು ಅಳತೆ ಉಳಿದರೆ ಸೈನಿಕರು ಬಂಡೆಯೊಳಗೇ ನಡೆದುಹೋಗುತ್ತಾರೆ.

ಅದರ ಪ್ರಭಾವಕ್ಕೆ ‘ಡೇಟಾ › ಆರಾಸ್’ ಒಳಗೆ ಒಂದು ಜೇಸನ್: ಟೈಪ್ ರೇಂಜ್, ರೇಡಿಯಸ್ 40, ಅಫೆಕ್ಟ್ಸ್ ಪಟ್ಟಿಯಲ್ಲಿ ಸೋಲ್ಜರ್, ಮಾಡಿಫಿಕೇಶನ್ಸ್ ಪಟ್ಟಿಯಲ್ಲಿ ವ್ಯಾಲ್ಯೂ ‘ಯೂನಿಟ್‌ಮೋಶನ್/ವಾಕ್‌ಸ್ಪೀಡ್’, ಮಲ್ಟಿಪ್ಲೈ 1.1, ಜೊತೆಗೆ ಆರಾನೇಮ್, ಆರಾಡಿಸ್ಕ್ರಿಪ್ಶನ್. ಈ ವ್ಯಾಲ್ಯೂ ದಾರಿ ಟೆಂಪ್ಲೇಟಿನ ಟ್ಯಾಗ್ ದಾರಿಯೇ, ಅಕ್ಷರ ಅಕ್ಷರವೂ ಹೊಂದಬೇಕು. ಇಲ್ಲಿ ತಪ್ಪಿದರೆ ಸಂದೇಶವೂ ಇಲ್ಲ, ಪರಿಣಾಮವೂ ಇಲ್ಲ. ಟೆಂಪ್ಲೇಟಿನ ‘ಆರಾಸ್’ ಟ್ಯಾಗ್ ಕೂಡ ಟೋಕನ್ಸ್ ಪಟ್ಟಿ. ಹೊಸದನ್ನು ಸೇರಿಸುವಾಗ ಸ್ತಂಭದ ಹಳೆಯ ಆರಾವನ್ನು ಕಳೆಯುವ ಚಿಹ್ನೆಯಿಂದ ತೆಗೆಯಿರಿ, ಇಲ್ಲದಿದ್ದರೆ ಎರಡೂ ಕೆಲಸ ಮಾಡುತ್ತವೆ. ಈ ಬಂಡೆಯನ್ನು ಆಟಗಾರ ಕಟ್ಟುವಂತೆ ಮಾಡುವ ಬದಲು ಅಟ್ಲಾಸ್ ಸಂಪಾದಕದಲ್ಲಿ ನಕಾಶೆಯ ಮೇಲೆ ನೀವೇ ಇಡುವುದು ಮೇಲು. ಶಾಸನವಿರುವ ಬಂಡೆಯನ್ನು ಯಾರೂ ಹೊತ್ತು ತಂದು ನಿಲ್ಲಿಸಿದ್ದಲ್ಲ.

ಪರೀಕ್ಷೆ

ಟೆಂಪ್ಲೇಟ್ ತಿದ್ದಿದ ಮೇಲೆ ನಡೆಯುತ್ತಿರುವ ಪಂದ್ಯದಲ್ಲಿ ಫಲ ಹುಡುಕಬೇಡಿ, ಪಂದ್ಯ ಬಿಟ್ಟು ಹೊಸದು ಶುರುಮಾಡಿ. ಟೆಕ್ಸ್‌ಚರ್, ಆಕ್ಟರ್ ತಿದ್ದಿದ್ದು ಆಟ ಓಡುತ್ತಿರುವಾಗಲೇ ಬದಲಾಗುತ್ತದೆ. ಪರದೆಯ ಮೇಲೆ ಕೆಂಪಕ್ಷರ ಕಂಡರೆ ಅದರ ಪೂರ್ಣಪಾಠ ‘ಮೇನ್‌ಲಾಗ್’, ಆಯ್ದದ್ದು ‘ಇಂಟರೆಸ್ಟಿಂಗ್‌ಲಾಗ್’ ಎಂಬ ಎಚ್‌ಟಿಎಂಎಲ್ ಕಡತಗಳಲ್ಲಿರುತ್ತದೆ. ವಿಂಡೋಸ್‌ನಲ್ಲಿ ಲೋಕಲ್ ಆಪ್‌ಡೇಟಾದ 0ಎಡಿ ಫೋಲ್ಡರಿನಲ್ಲಿ, ಲಿನಕ್ಸ್‌ನಲ್ಲಿ ‘.ಕಾನ್ಫಿಗ್ › 0ಎಡಿ’ಯಲ್ಲಿ ಲಾಗ್ಸ್ ಎಂದಿದೆ. ಮೊದಲ ದೋಷವನ್ನು ಮಾತ್ರ ಓದಿ. ಅದರ ಕೆಳಗಿನ ಮೂವತ್ತು ಸಾಲು ಬಹುಪಾಲು ಅದರದ್ದೇ ಮರಿಗಳು. ‘ರಿಲ್ಯಾಕ್ಸ್‌ಎನ್‌ಜಿ’ ಎಂಬ ಪದ ಕಂಡರೆ ಟ್ಯಾಗ್ ತಪ್ಪು ಜಾಗದಲ್ಲಿದೆ ಅಥವಾ ಅಂಕಿ ಕಟ್ಟಳೆ ಮೀರಿದೆ ಎಂದರ್ಥ.

ಡೆಮೊ ನಕಾಶೆಗಳಲ್ಲಿ ‘ಯೂನಿಟ್ಸ್ ಡೆಮೊ’ ಎಂಬುದು ಆಟದ ಘಟಕಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತದೆ. ಕೆಟ್ಟ ಟೆಂಪ್ಲೇಟ್ ಅಲ್ಲೇ ಸಿಕ್ಕಿಬೀಳುತ್ತದೆ. ಸಮತೋಲ ನೋಡಲು ಅಟ್ಲಾಸ್‌ನಲ್ಲಿ ಬಯಲೊಂದನ್ನು ಮಾಡಿ ಒಂದು ಕಡೆ 20 ನೆಲಬಿಲ್ಲುಗಾರರು, ಇನ್ನೊಂದು ಕಡೆ ಅಷ್ಟೇ ವೆಚ್ಚದ ಈಟಿಯವರನ್ನು ನಿಲ್ಲಿಸಿ. ಸಂಖ್ಯೆ ಸಮ ಮಾಡಬೇಡಿ, ವೆಚ್ಚ ಸಮ ಮಾಡಿ. ಆಲ್ಟ್ ಮತ್ತು ಡಿ ಒತ್ತಿದರೆ ಬರುವ ಡೆವಲಪರ್ ಫಲಕದಿಂದ ಎರಡೂ ಪಡೆಗಳನ್ನು ನೀವೇ ನಡೆಸಬಹುದು; ಪಂದ್ಯದಲ್ಲಿ ಚೀಟ್ಸ್‌ಗೆ ಅನುಮತಿ ಇರಬೇಕು. ಐದು ಸಲ ಆಡಿಸಿ. ಚದುರುವಿಕೆ ಯಾದೃಚ್ಛಿಕವಾದ್ದರಿಂದ ಒಂದೇ ಪಂದ್ಯದ ಫಲಿತಾಂಶ ಏನನ್ನೂ ಹೇಳುವುದಿಲ್ಲ. ಗಣಕದ ಎದುರಾಳಿ ಪೆಟ್ರಾ ಘಟಕಗಳನ್ನು ಹೆಸರಿನಿಂದಲ್ಲ, ಕ್ಲಾಸ್‌ಗಳಿಂದ ಆಯುತ್ತದೆ. ತಾಯಿಯ ಕ್ಲಾಸ್‌ಗಳು ಹಾಗೇ ಉಳಿದಿದ್ದರೆ ಅದು ನೆಲಬಿಲ್ಲುಗಾರರನ್ನೂ ತಾನಾಗಿ ಪಡೆಗೆ ತೆಗೆದುಕೊಳ್ಳುತ್ತದೆ.

ಕಟ್ಟಿ ಕಳಿಸುವುದು

ಗೆಳೆಯರಿಗೆ ಕೊಡಲು ಇಸಿಲದ ಒಳಗಿನ ಕಡತಗಳನ್ನು ಜಿಪ್ ಮಾಡಿ, ಬಾಲವನ್ನು ‘ಪೈರೋಮಾಡ್’ ಎಂದು ಬದಲಿಸಿ. ಆಟ ಸ್ಥಾಪನೆಯಾದ ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ಮಾಡ್ ತಾನೇ ಕೂರುತ್ತದೆ. ಇಸಿಲ ಫೋಲ್ಡರನ್ನೇ ಜಿಪ್ ಮಾಡುವುದು ಇಲ್ಲಿನ ಹಳೆಯ ತಪ್ಪು. ಜಿಪ್ ತೆರೆದ ಕೂಡಲೇ ಮಾಡ್.ಜೇಸನ್ ಕಾಣಬೇಕು, ನಡುವೆ ಇನ್ನೊಂದು ಫೋಲ್ಡರ್ ಇರಬಾರದು. ಚಿತ್ರಗಳು ಹೆಚ್ಚಿದ್ದರೆ ಪೈರೋಜೆನೆಸಿಸ್ ಅನ್ನು ‘ಆರ್ಕೈವ್‌ಬಿಲ್ಡ್’ ಆಯ್ಕೆಯೊಂದಿಗೆ ಓಡಿಸಿ. ಪರಿವರ್ತನೆಗಳೆಲ್ಲ ಮೊದಲೇ ಮುಗಿದ ಜಿಪ್ ಸಿಗುತ್ತದೆ, ಆಡುವವರ ಕಡೆ ಮೊದಲ ಸಲ ತೆರೆಯುವಾಗ ಕಾಯಬೇಕಿಲ್ಲ. ಆಟದ ಚಿತ್ರ, ಮೆಶ್‌ಗಳನ್ನು ತಿದ್ದಿ ಬಳಸಿದ್ದರೆ ಅವುಗಳ ಪರವಾನಗಿ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 3.0. ಮೂಲದವರ ಹೆಸರು ಹೇಳಬೇಕು, ನಿಮ್ಮದನ್ನೂ ಅದೇ ಶರತ್ತಿನಲ್ಲಿ ಬಿಡಬೇಕು. ಆಟದೊಳಗಿನ ಮಾಡ್ ಡೌನ್‌ಲೋಡ್ ಪಟ್ಟಿ ಮಾಡ್.ಐಒ ತಾಣದಿಂದ ಬರುತ್ತದೆ, ಆದರೆ ಆಟದ ತಂಡ ಪರಿಶೀಲಿಸಿ ಸಹಿ ಮಾಡಿದವು ಮಾತ್ರ ಅಲ್ಲಿ ಕಾಣುತ್ತವೆ.

ಜಾಲದಲ್ಲಿ ಜೊತೆಗೂಡಿ ಆಡುವಾಗ ಪ್ರತಿ ಕಂಪ್ಯೂಟರೂ ಇಡೀ ಯುದ್ಧವನ್ನು ತಾನೇ ಲೆಕ್ಕ ಹಾಕುತ್ತದೆ. ಒಬ್ಬರ ಬಳಿ ರಿಪೀಟ್‌ಟೈಮ್ 2.5, ಇನ್ನೊಬ್ಬರ ಬಳಿ 2.4 ಇದ್ದರೆ ಮೊದಲ ನೆಲಬಿಲ್ಲುಗಾರ ಎರಡನೇ ಬಾಣ ಬಿಡುವಷ್ಟರಲ್ಲಿ ಎರಡು ಲೆಕ್ಕಗಳೂ ಬೇರೆಯಾಗಿ ‘ಔಟ್ ಆಫ್ ಸಿಂಕ್’ (ಹೊಂದಿಕೆ ತಪ್ಪಿದೆ) ಎಂಬ ಸಂದೇಶ ಬರುತ್ತದೆ. ಆಟ ಮೊದಲೇ ಹೋಲಿಸುವುದು ಮಾಡ್‌ನ ಹೆಸರು ಮತ್ತು ವರ್ಶನ್ ಮಾತ್ರ, ಒಳಗಿನ ಅಂಕಿಗಳನ್ನಲ್ಲ. ಆದ್ದರಿಂದ ಒಂದು ಅಂಕಿ ತಿದ್ದಿ ಕಳಿಸಿದರೂ 0.1.0 ಇದ್ದದ್ದು 0.1.1 ಆಗಲೇಬೇಕು. ರೂಪವನ್ನಷ್ಟೇ ಬದಲಿಸುವ ಮಾಡ್ ಆದರೆ ಮಾಡ್.ಜೇಸನ್‌ನಲ್ಲಿ ‘ಇಗ್ನೋರ್‌ಇನ್‌ಕಂಪ್ಯಾಟಿಬಿಲಿಟಿಚೆಕ್ಸ್’ ಎಂಬುದಕ್ಕೆ ಟ್ರೂ ಕೊಟ್ಟು, ಮಾಡ್ ಇಲ್ಲದವರ ಜೊತೆಗೂ ಆಡಬಹುದು. ನೆಲಬಿಲ್ಲುಗಾರ ಇರುವ ಮಾಡ್‌ಗೆ ಅದನ್ನು ಹಾಕಿದರೆ ಆಟ ಒಳಗೆ ಬಿಡುತ್ತದೆ, ನಾಲ್ಕನೇ ನಿಮಿಷದಲ್ಲಿ ಹೊರಗೆ ತಳ್ಳುತ್ತದೆ.